ಸ್ಟಾಕ್‌ಫಿಶ್: ಕಪ್ಪು ಕಿಟಕಿ ಕಂಡು ಅಳಿಸಬೇಡಿ

ಚೆಸ್ ಟೂರ್ನಿಯಿಂದ ಮಕ್ಕಳು ತಂದ ಸ್ಕೋರ್‌ಶೀಟ್ (ನಡೆಗಳನ್ನು ಬರೆದ ಹಾಳೆ) ಪರಿಶೀಲಿಸಲೆಂದು ಸ್ಟಾಕ್‌ಫಿಶ್ ಇಳಿಸಿಕೊಳ್ಳುವ ಹೆತ್ತವರು ಮಂಗಳೂರು, ಉಡುಪಿಯಲ್ಲಿ ಕಡಿಮೆಯೇನಿಲ್ಲ. ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯಲ್ಲಿ ಒಂದೇ ಸಾಲು. ‘ಬೋರ್ಡೇ ಇಲ್ಲ, ವೈರಸ್ಸೇ ಇರಬೇಕು’ ಎಂದು ಅಳಿಸಿಬಿಡುತ್ತಾರೆ. ಸ್ಟಾಕ್‌ಫಿಶ್‌ಗೆ ಸ್ವಂತ ಬೋರ್ಡ್ ಇಲ್ಲ ಮಾರಾಯ್ರೆ! ಅದು ಚೆಸ್ ನಡೆಗಳ ಲೆಕ್ಕ ಹಾಕುವ ಎಂಜಿನ್, ಅಷ್ಟೇ. ಕಾಯಿ ತೋರಿಸಲು ಇನ್ನೊಂದು ಪ್ರೋಗ್ರಾಂ ಬೇಕು. ಎರಡೂ ಮಾತಾಡಿಕೊಳ್ಳುವ ನಿಯಮಾವಳಿಯೇ ಯುಸಿಐ.

ಬೋರ್ಡ್‌ಗೆ ವಿಂಡೋಸ್‌ನಲ್ಲಿ ಅರೀನಾ, ಲಿನಕ್ಸ್‌ನಲ್ಲಿ ಕ್ಯೂಟ್ ಚೆಸ್ ಸಾಕು. ಎರಡೂ ಉಚಿತ.

ಹಂತ 1: ಸರಿಯಾದ ಫೈಲ್

ಹೆಚ್ಚಿನವರು ಎಡವುವುದು ಇಲ್ಲೇ. ಸ್ಟಾಕ್‌ಫಿಶ್‌ನ ಅಧಿಕೃತ ತಾಣದಲ್ಲಿ ಒಂದೇ ಆವೃತ್ತಿಗೆ ಹಲವು ಫೈಲ್‌ಗಳಿರುತ್ತವೆ. ನಿಮ್ಮ ಪ್ರೊಸೆಸರ್‌ಗೆ ತಿಳಿಯದ ಆದೇಶಗಳಿರುವ ಫೈಲ್ ಹಾಕಿದರೆ ಕಿಟಕಿ ಮಿಂಚಿ ಮಾಯವಾಗುತ್ತದೆ. ತೀರಾ ಹಳೆಯದಕ್ಕೆಂದು ಮಾಡಿದ ಫೈಲ್ ಹಾಕಿದರೆ ಓಡುತ್ತದೆ, ಆದರೆ ಕುಂಟುತ್ತಾ.

ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಹೆಸರು ನೋಡಿ. ಇಂಟೆಲ್ ಕೋರ್ ಐ3, ಐ5, ಐ7 ನಾಲ್ಕನೇ ತಲೆಮಾರು (2013) ಅಥವಾ ನಂತರದ್ದಾದರೆ ಹೆಸರಿನಲ್ಲಿ ಬಿಎಂಐ2 ಎಂದಿರುವ ಫೈಲ್ (ಇಂಥ ಹೆಸರುಗಳು ಪ್ರೊಸೆಸರ್‌ಗೆ ತಿಳಿದಿರುವ ಆದೇಶಗಳ ಗುಂಪಿನವು). ಎಎಂಡಿಯ ರೈಝನ್‌ನಲ್ಲಿ ಮಾತ್ರ ಎಚ್ಚರ: ಅದರ ಹಳೆಯ ತಲೆಮಾರುಗಳಾದ ಝೆನ್ 1, ಝೆನ್ 2 ಚಿಪ್‌ಗಳಲ್ಲಿ ಬಿಎಂಐ2ರ ಕೆಲವು ಆದೇಶಗಳು ತೀರಾ ನಿಧಾನ. ಅವಕ್ಕೆ ಎವಿಎಕ್ಸ್2 ಫೈಲೇ ವೇಗ. ಇಂಟೆಲ್ ನಾಲ್ಕನೇ ತಲೆಮಾರಿಗಿಂತ ಹಳೆಯ ಲ್ಯಾಪ್‌ಟಾಪ್‌ಗೆ, ಹಳೆಯ ಪೆಂಟಿಯಂ, ಸೆಲೆರಾನ್‌ಗೆ ಎಸ್‌ಎಸ್‌ಇ41-ಪಾಪ್‌ಕೌಂಟ್ ಫೈಲ್ ಹಾಕಿ.

ಸಂಶಯವಿದ್ದರೆ ಎರಡು ಫೈಲ್ ಇಳಿಸಿ, ಆ ಕಪ್ಪು ಕಿಟಕಿಯಲ್ಲೇ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ‘ಬೆಂಚ್’ ಎಂದು ಟೈಪಿಸಿ ಎಂಟರ್ ಒತ್ತಿ. ಸ್ವಲ್ಪ ಹೊತ್ತಿನಲ್ಲಿ ಕೊನೆಯ ಸಾಲಿನಲ್ಲಿ ಸೆಕೆಂಡಿಗೆ ಎಷ್ಟು ನೋಡ್ (ಎಂಜಿನ್ ಪರಿಶೀಲಿಸಿದ ಸ್ಥಿತಿ) ಎಂದು ಬರುತ್ತದೆ. ಯಾವುದರ ಅಂಕೆ ದೊಡ್ಡದೋ ಅದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಅಳಿಸಿ.

ಜಿಪ್ ಒಳಗಿಂದಲೇ ಓಡಿಸಬೇಡಿ. ವಿಂಡೋಸ್ ಅದನ್ನು ತಾತ್ಕಾಲಿಕ ಜಾಗದಲ್ಲಿ ಬಿಚ್ಚುತ್ತದೆ. ಆ ಜಾಗ ಖಾಲಿಯಾದ ಮೇಲೆ ಅರೀನಾಗೆ ಎಂಜಿನ್ ಸಿಗುವುದಿಲ್ಲ. ಸಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿಡಿ. ಫೋಲ್ಡರ್‌ಗೆ ಕನ್ನಡ ಹೆಸರು ಇಡುವ ಆಸೆ ಇಲ್ಲಿ ಬೇಡ, ಹಳೆಯ ಪ್ರೋಗ್ರಾಂಗಳು ಮುಗ್ಗರಿಸುತ್ತವೆ.

ಹಂತ 2: ಜೋಡಣೆ

ಅರೀನಾದ ಎಂಜಿನ್ಸ್ ಮೆನುವಿನಲ್ಲಿ ಹೊಸ ಎಂಜಿನ್ ಸೇರಿಸಿ, ಫೈಲ್ ತೋರಿಸಿ, ಬಗೆ ಕೇಳಿದರೆ ಯುಸಿಐ ಆರಿಸಿ. ಮುಗಿಯಿತು.

(ಪೆನ್‌ಡ್ರೈವ್‌ನಲ್ಲಿ ‘ಎಲ್ಲ ಎಂಜಿನ್’ ತುಂಬಿಸಿ ಮಾರುವವರಿಂದ ದೂರವಿರಿ. ಸ್ಟಾಕ್‌ಫಿಶ್ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ, ಪೂರಾ ಪುಕ್ಕಟೆ. ಹಣ ತೆಗೆದುಕೊಂಡು ಮಾರಿದ ಫ್ಯಾಟ್ ಫ್ರಿಟ್ಜ್ 2 ಎಂಬ ಎಂಜಿನ್ ಕೂಡ ಇದೇ ಕೋಡ್ ಮೇಲೆ ನಿಂತದ್ದು. ಅದನ್ನು ಮಾರಿದವರ ವಿರುದ್ಧ ಸ್ಟಾಕ್‌ಫಿಶ್ ತಂಡ 2021ರಲ್ಲಿ ಕೋರ್ಟಿಗೆ ಹೋಯಿತು, 2022ರಲ್ಲಿ ರಾಜಿಯಾಯಿತು.)

ಹಂತ 3: ಹ್ಯಾಶ್, ಥ್ರೆಡ್

ಹ್ಯಾಶ್ ಎಂದರೆ ಒಮ್ಮೆ ಲೆಕ್ಕ ಹಾಕಿದ ಸ್ಥಿತಿಗಳನ್ನು ನೆನಪಿಡುವ ಜಾಗ. ಮೊದಲೇ ಇರುವ 16 ಎಂಬಿ ವಿಶ್ಲೇಷಣೆಗೆ ಏನೇನೂ ಸಾಲದು. 4 ಜಿಬಿ ರ್‍ಯಾಮ್ ಇದ್ದರೆ 256, 8 ಇದ್ದರೆ 1024, 16 ಇದ್ದರೆ 4096 ಕೊಡಿ. ‘ಹೆಚ್ಚು ಕೊಟ್ಟಷ್ಟೂ ಒಳ್ಳೆಯದು’ ಎಂದು ರ್‍ಯಾಮ್ ಪೂರ್ತಿ ಬರೆದರೆ ವಿಂಡೋಸ್ ಡಿಸ್ಕ್‌ಗೆ ಕೈಹಾಕುತ್ತದೆ, ವೇಗ ನೆಲಕಚ್ಚುತ್ತದೆ. ವಿಶ್ಲೇಷಣೆಯ ಮಧ್ಯೆ ಈ ಅಂಕೆ ಬದಲಿಸಿದರೆ ಅಲ್ಲಿಯವರೆಗೆ ನೆನಪಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.

ಥ್ರೆಡ್ (ಏಕಕಾಲಕ್ಕೆ ನಡೆಯುವ ಲೆಕ್ಕದ ಎಳೆಗಳು) ಮೊದಲಿಗೆ 1 ಇರುತ್ತದೆ. ನಾಲ್ಕು ಕೋರ್ ಇದ್ದರೆ 3 ಕೊಡಿ, ಒಂದನ್ನು ವಿಂಡೋಸ್‌ಗೆ ಬಿಡಿ. ಕರಾವಳಿಯ ಏಪ್ರಿಲ್-ಮೇ ಸೆಖೆಯಲ್ಲಿ ಇನ್ನೂ ಒಂದು ಇಳಿಸಿದರೆ ತಪ್ಪಿಲ್ಲ. ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಂಜಿನ್ ಕಿಟಕಿಯಲ್ಲಿ ಸೆಕೆಂಡಿಗೆ ಇಷ್ಟು ನೋಡ್ ಎಂಬ ಅಂಕೆ ಅರ್ಧಕ್ಕಿಳಿಯಿತೆಂದರೆ ಕಾರಣ ಇದೇ. ಗಟ್ಟಿ ಮೇಜಿನ ಮೇಲಿಡಿ, ಫ್ಯಾನ್‌ನ ಧೂಳು ತೆಗೆಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿಯಲ್ಲಿ ಓಡುವಾಗಲೂ ವೇಗ ಇಳಿಯುತ್ತದೆ.

ಹಂತ 4: ಓದುವುದು

ಮಲ್ಟಿಪಿವಿ ಎಂಬಲ್ಲಿ 3 ಬರೆಯಿರಿ, ಆಗ ಮೂರು ಒಳ್ಳೆಯ ನಡೆಗಳು ಕಾಣುತ್ತವೆ. ಒಂದೇ ನಡೆ ತೋರಿಸಿದರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಬೇರೇನೂ ಕಲಿಯುವುದಿಲ್ಲ. ಆಳ, ಅಂದರೆ ಎಂಜಿನ್ ಎಷ್ಟು ನಡೆ ಮುಂದೆ ನೋಡಿದೆ ಎಂಬುದು, 22-25 ಮುಟ್ಟುವವರೆಗೆ ಕಾಯಿರಿ. ಅದಕ್ಕೆ ಮುಂಚೆ ಯಾವ ಬದಿ ಎಷ್ಟು ಮೇಲುಗೈಯಲ್ಲಿದೆ ಎಂಬ ಅಂಕೆ ಏರಿಳಿಯುತ್ತಲೇ ಇರುತ್ತದೆ. +1.00 ಎಂದರೆ ಒಂದು ಪಾನ್ (ಕಾಲಾಳು) ಹೆಚ್ಚಿದೆ ಎಂದು ಓದಬೇಡಿ. 15.1 ಮತ್ತು ನಂತರದ ಆವೃತ್ತಿಗಳಲ್ಲಿ ಅದರರ್ಥ, ಎಂಜಿನ್‌ಗಳ ಆಟದಲ್ಲಿ ಆ ಬದಿ ಗೆಲ್ಲುವ ಸಾಧ್ಯತೆ ಸುಮಾರು 50 ಶೇಕಡಾ ಎಂದು.

ಎದುರಾಳಿಯಾಗಿ ಆಡಿಸಬೇಕಾದರೆ ಬಲ ಮಿತಿಗೊಳಿಸುವ ಆಯ್ಕೆಗೆ ಟಿಕ್ ಹಾಕಿ ಈಲೊ ರೇಟಿಂಗ್ (ಆಟಗಾರನ ಬಲದ ಅಂಕೆ) ಕೊಡಿ. ಕನಿಷ್ಠ 1320.

ಅಂತ್ಯದಾಟಕ್ಕೆ ಸಿಝಿಜಿ ಟೇಬಲ್‌ಬೇಸ್ (ಕೆಲವೇ ಕಾಯಿ ಉಳಿದ ಸ್ಥಿತಿಗಳ ಖಚಿತ ಫಲಿತಾಂಶದ ಕಡತಗಳು) ಬೇಕೆಂದರೆ ಐದು ಕಾಯಿಗಳವರೆಗಿನದನ್ನು ಮಾತ್ರ ಇಳಿಸಿ, ಸುಮಾರು 1 ಜಿಬಿ. ಆರು ಕಾಯಿಗಳದ್ದು 150 ಜಿಬಿಯಷ್ಟಿದೆ. ಮನೆಯ ಲ್ಯಾಪ್‌ಟಾಪ್‌ಗೆ ಅದು ಬೇಡವೇ ಬೇಡ.