ಶಾಮಿಯಾನ ಬಿಟ್ಟು ಜಗಲಿ ಹಿಡಿದೆವು: ಹೊಳೆಯಾಚೆಯ ಕ್ಯಾಂಪಿನ ನನ್ನ ಅನುಭವ

ಕಳಸದ ಕಡೆ ಭದ್ರಾ ಹೊಳೆಯಾಚೆ, ಕಾಡಂಚಿನ ಮನೆಗಳಿಗೆ ಹೋಗಿ ನಮ್ಮ ಚರ್ಚಿನ ತಂಡ ಮಾಡುವ ಆರೋಗ್ಯ ಕ್ಯಾಂಪು ಕೊನೆಗೂ ಒಂದು ಹದಕ್ಕೆ ಬಂದಿದೆ. "ಡಾಕ್ಟರ್ ಇಲ್ಲದೆ ಎಂತ ಕ್ಯಾಂಪು ಮಾರಾಯ?" ಎಂದು ನಕ್ಕವರೇ ಈಗ ಫೋನ್ ಮಾಡಿ ಸಾಮಾನಿನ ಪಟ್ಟಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಬಿಪಿ ನೋಡುವುದು, ರಿಜಿಸ್ಟರ್ ಬರೆಯುವುದು ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಮೊದಮೊದಲು ನಾವೂ ಎಲ್ಲರ ಹಾಗೇ ಮಾಡಿದೆವು. ರೋಡ್ ಪಕ್ಕದ ಶಾಲೆ, ಶಾಮಿಯಾನ, ಬ್ಯಾನರ್, ಚಿಕ್ಕಮಗಳೂರಿನಿಂದ ಡಾಕ್ಟರ್‌ಗಳು, ಇನ್ನೂರು ಜನಕ್ಕೆ ಪಲಾವ್. ಒಂದು ದಿನಕ್ಕೆ ಮೂವತ್ತೈದು, ನಲವತ್ತು ಸಾವಿರ ಕರಗುತ್ತಿತ್ತು. ಔಷಧಕ್ಕಿಂತ ಊಟದ ಬಿಲ್ಲೇ ಜಾಸ್ತಿ. ಬಂದವರು ಯಾರು? ಬಸ್ ಸ್ಟಾಪ್ ಹತ್ತಿರದವರು. ಅವರಿಗೆ ಹೇಗೂ ಆಸ್ಪತ್ರೆ ಸಿಗುತ್ತದೆ. ಹೊಳೆಯಾಚೆಯ ಅಜ್ಜಿ ಒಂದು ದಿನದ ಕೂಲಿ ಬಿಟ್ಟು, ಎರಡು ಗಂಟೆ ಗುಡ್ಡ ಇಳಿದು ಬರ್ತಾರಾ? ಹಾಗೂ ಬಂದ ಕೆಲವರಿಗೆ ಹತ್ತು ದಿನಕ್ಕಾಗುವಷ್ಟು ಬಿಪಿ ಮಾತ್ರೆ ಕೊಟ್ಟು ಕಳಿಸುತ್ತಿದ್ದೆವು. ಹನ್ನೊಂದನೇ ದಿನ ಏನು ನುಂಗಬೇಕು ಅಂತ ಯಾರೂ ಯೋಚಿಸಿರಲಿಲ್ಲ.

ಇನ್ನೊಂದು ತಲೆನೋವು ತಿಂಗಳು ಹೊಂದಿಸುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಳೆಯದ್ದೇ ರಾಜ್ಯ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆಯೇ ಮುಳುಗುತ್ತಿತ್ತಲ್ವಾ, ಇನ್ನು ಅಡಿಕೆ ಮರದ ಕಾಲುಸಂಕದ ಪಾಡೇನು? ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಕುಯ್ಲು ಶುರು. ಅದರ ಹಿಂದೆಯೇ ರೋಬಸ್ಟಾ. ಆಗ ತೋಟದವರನ್ನು ಮಾತಾಡಿಸುವುದೂ ಕಷ್ಟ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ, ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರ ಅದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕಿದ್ದು, ಈಗ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಗೂ ಬಂದಿದೆ. ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡರೂ ಸರಿ, ಪೇಟೆ ಹುಡುಗರನ್ನು ಉಣುಗು ತುಂಬಿದ ತರಗೆಲೆ ಮೇಲೆ ನಡೆಸಲು ನನಗೆ ಮನಸ್ಸಿಲ್ಲ. ಉಳಿಯುವುದು ಅಕ್ಟೋಬರ್‌ನಿಂದ ದೀಪಾವಳಿ ಆಸುಪಾಸಿನವರೆಗೆ. ಅಷ್ಟರೊಳಗೆ ಎರಡು ಸುತ್ತು ಮುಗಿಸುತ್ತೇವೆ.

ಮೊದಲ ಸುತ್ತಿಗೆ ನಾಲ್ಕೇ ಜನ. ಡಾಕ್ಟರ್ ಇಲ್ಲ, ಬ್ಯಾನರ್ ಇಲ್ಲ. ಸಂಜೆ, ಕೆಲಸ ಬಿಟ್ಟ ಮೇಲೆ, ಯಾರದಾದರೂ ಮನೆ ಜಗಲಿಯಲ್ಲಿ ಕೂರುತ್ತೇವೆ. ಆ ಭಾಗದ ಆಶಾ ಕಾರ್ಯಕರ್ತೆ ಜೊತೆಗಿರಲೇಬೇಕು, ಇಲ್ಲದಿದ್ದರೆ ನಾಯಿ ಮಾತ್ರ ಮಾತಾಡಿಸುತ್ತದೆ. ಬಿಪಿ ನೋಡಿ ಬರೆದಿಟ್ಟುಕೊಳ್ಳುತ್ತೇವೆ, ಕನ್ನಡಕ ಕೊಡುತ್ತೇವೆ, ಅಷ್ಟೇ. ಎರಡು ಮೂರು ವಾರ ಬಿಟ್ಟು ಡಾಕ್ಟರ್ ಜೊತೆ ಮತ್ತೆ ಹೋಗುತ್ತೇವೆ. ಎರಡೂ ಸಲ ಬಿಪಿ ಜಾಸ್ತಿ ಇದ್ದವರನ್ನು ಜೀಪಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಹೆಸರು ಬರೆಸುತ್ತೇವೆ. ಬಿಪಿ ಮಾತ್ರೆ ನಾವು ಕೊಡುವುದೇ ಇಲ್ಲ. ಅಲ್ಲಿ ಪುಕ್ಕಟೆ ಸಿಗುತ್ತದೆ, ಮುಂದಿನ ತಿಂಗಳೂ ಸಿಗುತ್ತದೆ. ಜೀಪಿನವರನ್ನು ಅರ್ಧ ಬಾಡಿಗೆಗೆ ಒಪ್ಪಿಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ, ಹೇಳಿದರೆ ರೇಟು ಏರುತ್ತದೆ.

ಚರ್ಚಿನವರು ಅಂದ ಕೂಡಲೇ ಅನುಮಾನ ಬರುವುದು ಸಹಜ. ಬಾಗಿಲಲ್ಲೇ ಹೇಳಿಬಿಡುತ್ತೇನೆ: ಹೌದು ಚರ್ಚಿನವರು, ಪುಸ್ತಕ ಹಂಚಲ್ಲ, ಪ್ರಾರ್ಥನೆ ಮಾಡಿಸಲ್ಲ. ನಮ್ಮಲ್ಲೇ ಕೆಲವರಿಗೆ ಇದು ಬೇಸರ. ಇರಲಿ.

ಇನ್ನು ಹತ್ತಿರದ್ದು ನೋಡುವ ಕನ್ನಡಕದ ವಿಷಯ. ಇದರಲ್ಲಿ ನನಗೆ ಸ್ವಲ್ಪ ಜಂಬ ಇದೆ. ಅಕ್ಷರದ ಚಾರ್ಟು ತೋರಿಸಿದರೆ ಓದು ಬಾರದವರು ನಾಚಿಕೊಂಡು "ಎಲ್ಲಾ ಕಾಣ್ತದೆ" ಅಂತಾರೆ. ನಾನು ಚಾರ್ಟು ಮೂಲೆಗಿಟ್ಟು ಸೂಜಿ, ದಾರ ಮತ್ತು ಮೊರದಲ್ಲಿ ಕಲ್ಲಿರುವ ಅಕ್ಕಿ ಇಟ್ಟೆ. ನಲವತ್ತು ದಾಟಿದವರಿಗೆ ಪ್ಲಸ್ 1 ನಂಬರಿನ ಕನ್ನಡಕದಿಂದ ಶುರು. ಕಲ್ಲು ಸಿಕ್ಕುವ ತನಕ ಅರ್ಧರ್ಧ ಏರಿಸುವುದು. ಐವತ್ತರ ಆಸುಪಾಸಿನವರು ಹೆಚ್ಚಾಗಿ ಪ್ಲಸ್ 2ಕ್ಕೆ ನಿಲ್ಲುತ್ತಾರೆ. ಏನು ಹಾಕಿದರೂ ಮಂಜು ಮಂಜು ಅಂದರೆ ಪೊರೆ ಇರಬಹುದು. ಅವರಿಗೆ ಕನ್ನಡಕ ಕೊಟ್ಟು ಸಮಾಧಾನ ಮಾಡದೆ ಜಿಲ್ಲಾ ಆಸ್ಪತ್ರೆಯ ಪಟ್ಟಿಗೆ ಸೇರಿಸುತ್ತೇವೆ.

ಸಗಟಿನಲ್ಲಿ ಒಂದು ಕನ್ನಡಕ ಅರವತ್ತು ಎಪ್ಪತ್ತು ರೂಪಾಯಿ ಬಿತ್ತು. ನಾವು ಇಪ್ಪತ್ತು ತೆಗೆದುಕೊಂಡೆವು. "ಬಡವರ ಹತ್ರ ದುಡ್ಡು ಕೇಳ್ತೀರಾ?" ಎಂದು ಮೀಟಿಂಗಿನಲ್ಲಿ ದೊಡ್ಡ ಜಗಳವೇ ಆಯಿತು. ಆದರೆ ಪುಕ್ಕಟೆ ಕೊಟ್ಟಾಗ ಮಕ್ಕಳ ಕೈಗೆ ಹೋಗಿ ಮುರಿಯುತ್ತಿದ್ದ ಕನ್ನಡಕ, ಇಪ್ಪತ್ತು ಕೊಟ್ಟ ಮೇಲೆ ಎರಡನೇ ಸುತ್ತಿಗೆ ಹೋದಾಗ ಮುಕ್ಕಾಲುಪಾಲು ಮೂಗಿನ ಮೇಲೇ ಇತ್ತು. ಒಬ್ಬ ಅಕ್ಕ ಬೇರೆ ನಂಬರ್ ಬೇಕು ಅಂತ ತಾವೇ ಜಗಳಕ್ಕೆ ಬಂದರು. ನನಗಂತೂ ಖುಷಿಯಾಯಿತು.

ನಡುವೆ ಇಂಬಳ (ಜಿಗಣೆ) ಹತ್ತದಂತೆ ಮಾಡುವ ಪ್ರಯೋಗವೂ ನಡೆಯಿತು. ಹೊಗೆಸೊಪ್ಪು, ಸುಣ್ಣ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದರೆ ಒಂದು ಹಳ್ಳ ದಾಟುವ ತನಕ ಸರಿ, ಆಮೇಲೆ ತೊಳೆದುಹೋಗುತ್ತದೆ. ಉದ್ದ ಕಾಲುಚೀಲಕ್ಕೆ ಬಟ್ಟೆ ಸೋಪು ಒಣಗಿಸಿ ಉಜ್ಜಿದ್ದು ಅದಕ್ಕಿಂತ ವಾಸಿ. ಬಿಪಿ ಮೆಷಿನ್ ಥಂಡಿ ಹಿಡಿದು ತಪ್ಪು ತಪ್ಪು ತೋರಿಸತೊಡಗಿದಾಗ ತೇವ ಹೀರಲಿ ಅಂತ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಅದೇ ಡಬ್ಬಿಯಲ್ಲಿಟ್ಟೆವು. ದಿನಾ ಸಂಜೆ ಅಕ್ಕಿಯನ್ನು ಮತ್ತೆ ಹುರಿಯಬೇಕು, ಮರೆತರೆ ಪ್ರಯೋಜನವಿಲ್ಲ.

ಹೋದ ಸಲ ಎರಡೂ ಸುತ್ತಿಗೆ ಸೇರಿ ಹದಿನೆಂಟು ಸಾವಿರದ ಹತ್ತಿರ ಆಗಿರಬೇಕು, ಅದರಲ್ಲಿ ಅರ್ಧ ಜೀಪು. ಹಳೇ ಕ್ಯಾಂಪಿನ ಒಂದು ದಿನದ ಖರ್ಚಿಗಿಂತ ಕಡಿಮೆ. ಕನ್ನಡಕದಲ್ಲಿ ಪ್ಲಸ್ 1.5 ಮತ್ತು 2 ಮೊದಲೇ ಖಾಲಿಯಾದವು, ಪ್ಲಸ್ 3 ಪೆಟ್ಟಿಗೆಯಲ್ಲೇ ಉಳಿದಿದೆ. ಯಾರಿಗಾದರೂ ಬೇಕಿದ್ದರೆ ತಗೊಂಡು ಹೋಗಿ, ಬದಲಿಗೆ 2 ಕೊಡಿ.