ಸಿಟ್ಟಿನ ಮುಖದ ಕೆಳಗೆ ನೆಮ್ಮದಿ: ನನ್ನ ಅನುಭವ

"ಇಷ್ಟು ಸಿಟ್ಟಿನ ಮುಖ ನೋಡಿದ್ರೆ ಜನ ಹತ್ತಿರಾನೇ ಬರಲ್ಲ, ಸ್ವಲ್ಪ ನಗು ಹಾಕು" ಅಂತ ನಾನು ಕೆತ್ತುತ್ತಿದ್ದ ಮೂರ್ತಿಗಳನ್ನು ಕಂಡವರೆಲ್ಲ ಹೇಳಿದ್ದರು. ನಾನು ಒಪ್ಪಲಿಲ್ಲ. ಈಗ ನನ್ನ ನಿಯೋ (ಜಪಾನಿನ ಬೌದ್ಧ ದೇವಾಲಯಗಳ ಬಾಗಿಲು ಕಾಯುವ ಉಗ್ರಮೂರ್ತಿಗಳು) ಜೋಡಿಯ ನಡುವೆ ಇಟ್ಟ ಬೆಂಚಿನಲ್ಲಿ ಜನ ಚಪ್ಪಲಿ ಬಿಟ್ಟು, ಕಾಲು ಮಡಚಿ ಆರಾಮಾಗಿ ಕೂರುತ್ತಾರೆ. ಒಂದು ಮಗುವಂತೂ ನಿದ್ದೆ ಹೋಯಿತು.

ಮಾದರಿ, ನಾರಾ ಊರಿನ ತೋದಾಯ್‌ಜಿ ದೇವಾಲಯದ ಹೆಬ್ಬಾಗಿಲಿನ ಜೋಡಿ. 1203ರಲ್ಲಿ ಶಿಲ್ಪಿಗಳಾದ ಉಂಕೆಯ್, ಕಾಯ್ಕೆಯ್ ತಂಡ 69 ದಿನಗಳಲ್ಲಿ ಮುಗಿಸಿದ್ದು. ಎತ್ತರ ಎಂಟು ಮೀಟರಿಗೂ ಜಾಸ್ತಿ. ನಿಯೋಗಳು ಸಾಮಾನ್ಯವಾಗಿ ಹೊರಗೆ ನೋಡುತ್ತವೆ, ಇಲ್ಲಿ ಎದುರುಬದುರು ನಿಂತಿವೆ. 1988ರಲ್ಲಿ ಶುರುವಾದ ದುರಸ್ತಿಯಲ್ಲಿ ಬಿಚ್ಚಿದಾಗ, ಕೆತ್ತುವಾಗಲೇ ಕಣ್ಣು, ಹೊಕ್ಕುಳ ಮತ್ತೆ ತಿದ್ದಿದ್ದು ಗೊತ್ತಾಯಿತು. ಕೆಳಗೆ ನಿಂತವರ ಕಣ್ಣಿಗೆ ಸರಿಹೋಗಲಿ ಅಂತ. ನಾನು ಹಿಡಿದದ್ದು ಈ ಎಳೆಯನ್ನೇ.

ನನ್ನವು ಸುಮಾರು ಏಳಡಿ. ಹಿನೋಕಿ (ಜಪಾನಿ ಸೈಪ್ರಸ್) ಬೆಲೆ ಕೇಳಿ ಹೆದರಿ ಸುಗಿ (ಜಪಾನಿ ಸೀಡರ್) ಮರ ತಂದೆ. ಚೆನ್ನಾಗಿ ಒಣಗಿದೆ ಅಂತ ಮರದ ಮಂಡಿಯವರು ಕೊಟ್ಟ ತುಂಡು ಒಳಗೆ ಹಸಿ. ಚಳಿಗಾಲದಲ್ಲಿ ಹೀಟರ್ ಹಾಕಿದ ವಾರದೊಳಗೆ ಆಗ್ಯೋನ (ಜೋಡಿಯಲ್ಲಿ ಬಾಯಿ ತೆರೆದವನು) ಎದೆ ಕೊರಳಿಂದ ಹೊಕ್ಕುಳದವರೆಗೆ ಸೀಳಿತು. ಒಂದೂವರೆ ಲಕ್ಷ ಯೆನ್ ಹತ್ತಿರ ಹೋಯಿತು. ಎರಡನೇ ಎದೆಯನ್ನು ಒಳಗಿನಿಂದ ಎರಡು ಬೆರಳು ದಪ್ಪಕ್ಕೆ ತೋಡಿ ಜೋಡಿಸಿದೆ, ಇವತ್ತಿಗೂ ಗೆರೆ ಬಂದಿಲ್ಲ.

ನಡುವೆ ಬೇರೆ ಆಟಗಳೂ ಆದವು. ಓಕಿನಾವಾದವರ ಹಾಗೆ ಒಡೆದ ಹೆಂಚು, ಸುಣ್ಣದ ಗಾರೆಯಲ್ಲಿ ಒಂದು ಶೀಸಾ (ಮನೆ ಕಾಯುವ ಸಿಂಹದಂಥ ಮೂರ್ತಿ) ಮಾಡಿದೆ. ಮುದ್ದಾಗಿತ್ತು, ಎಲ್ಲರೂ ಫೋಟೋ ತೆಗೆದರು. ಕಲ್ಲಿನ ಜಿಜೋಗೆ (ಮಕ್ಕಳನ್ನು, ದಾರಿಹೋಕರನ್ನು ಕಾಯುವ ಬೋಧಿಸತ್ವ) ಕೆಂಪು ಬಟ್ಟೆ ಕಟ್ಟಿಟ್ಟೆ. ಕೈ ಮುಗಿದರು, ಹೊರಟರು. ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಗುಟ್ಟು ದೃಷ್ಟಿಯಲ್ಲಿತ್ತು. ತಲೆಯನ್ನು ಅಂಟಿಸದೆ ಸುಮ್ನೆ ಕೂರಿಸಿ, ಬೆಂಚಿನಲ್ಲಿ ಗೆಳೆಯರನ್ನು ಕೂರಿಸಿ, ಕೆಳರೆಪ್ಪೆಯನ್ನು ಅಕ್ಕಿಕಾಳಿನಷ್ಟು ಕೆತ್ತುತ್ತಾ ಹೋದೆ. ದೃಷ್ಟಿ ನೆತ್ತಿಯ ಮೇಲೆ ಹಾದಾಗ ಮೂರ್ತಿ ಬರೀ ಮರ. ಮುಖಕ್ಕೇ ಬಿದ್ದಾಗ ಎಲ್ಲರೂ ಬೆನ್ನು ನೆಟ್ಟಗೆ ಮಾಡಿದರು, ವಿಚಾರಣೆಗೆ ಕೂರಿಸಿದ ಹಾಗಿದೆ ಅಂದರು. ಭುಜದ ಮೇಲಿಂದ ಹಿಂದಕ್ಕೆ ಹಾದಾಗ ಮಾತ್ರ ಮೈ ಸಡಿಲವಾಯಿತು. ಆ ಸಿಟ್ಟು ನಮ್ಮ ಮೇಲಲ್ಲ, ನಮ್ಮ ಬೆನ್ನ ಹಿಂದೆ ಬರುವುದರ ಮೇಲೆ. ಇದನ್ನು ನಾನಾಗಿ ಕಂಡುಕೊಂಡೆ ಅನ್ನೋ ಹೆಮ್ಮೆ ನನಗಿದೆ.

ಮಾಡುವವರು ಬೆಂಚಿನ ಎತ್ತರ ಮೊದಲೇ ಖಾಯಂ ಮಾಡಿಕೊಳ್ಳಿ. ನನ್ನದು ಹೆಚ್ಚುಕಡಿಮೆ 40 ಸೆಂ.ಮೀ. ಆಮೇಲೆ ಅದನ್ನು ತಗ್ಗಿಸಿದರೆ ದೃಷ್ಟಿ ಮತ್ತೆ ಮುಖಕ್ಕೆ ಬರುತ್ತದೆ, ಕಣ್ಣು ಮೊದಲಿಂದ ಕೆತ್ತಬೇಕು.