ನೋವಿನ ಮಾತ್ರೆಗೆ ಮೊದಲು ದಿನಗಳ ಲೆಕ್ಕ

ಮುಂಬಯಿಯ ಹೋಟೆಲುಗಳಲ್ಲಿ ದಿನವಿಡೀ ಕಾವಲಿಯ ಮುಂದೆ ನಿಲ್ಲುವ ನಮ್ಮ ಕನ್ನಡಿಗರಿಗೂ ಡೊಂಬಿವಲಿಯಿಂದ ಲೋಕಲ್ ಹಿಡಿಯುವವರಿಗೂ ಸೊಂಟನೋವು ಹೊಸದಲ್ಲ. ಮೆಡಿಕಲ್ ಅಂಗಡಿಯಲ್ಲಿ ಎರಡು ಮಾತ್ರೆ ಕೇಳಿ ನುಂಗುವುದೂ ಹೊಸದಲ್ಲ. ಆದರೆ ನೋವು ಬಂದು ಎಷ್ಟು ದಿನವಾಯಿತು ಎಂಬುದನ್ನು ಮೊದಲು ಎಣಿಸಬೇಕು, ಏಕೆಂದರೆ ಚಿಕಿತ್ಸೆಯ ದಾರಿ ಕವಲೊಡೆಯುವುದು ಅಲ್ಲೇ.

ಕಾಲು ಉಳುಕಿದಾಗ ಅಥವಾ ಹಲ್ಲು ಕೀಳಿಸಿದಾಗ ಬರುವ ಅಲ್ಪಕಾಲದ ನೋವು ಪೆಟ್ಟಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸಿ, ಗಾಯ ಮಾಗಿದಂತೆ ಇಳಿಯುತ್ತದೆ. ಉಳುಕಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಬಹುದು. ಸುಟ್ಟ ಗಾಯಕ್ಕೆ ಮಾತ್ರ ಮಂಜುಗಡ್ಡೆ ಸಲ್ಲದು, 20 ನಿಮಿಷ ನಲ್ಲಿಯ ನೀರೇ ಸರಿ. ಆರೋಗ್ಯವಂತ ವಯಸ್ಕರು 24 ಗಂಟೆಗಳಲ್ಲಿ 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಎಂಟನ್ನು ಮೀರಬಾರದು. ನೆಗಡಿಯ ಮಾತ್ರೆಗಳಲ್ಲೂ ಅದೇ ಔಷಧಿ ಅಡಗಿರುವುದುಂಟು; ಯಕೃತ್ತಿನ ತೊಂದರೆಯವರು, ದಿನವೂ ಕುಡಿಯುವವರು ವೈದ್ಯರನ್ನು ಕೇಳದೆ ನುಂಗಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಸಂಧಿವಾತದಂತಹ ಕಾಯಿಲೆ ಅದಕ್ಕೆ ಕಾರಣವಾಗಬಹುದು. ಎಷ್ಟೋ ಸಲ ಗಾಯ ಮಾಗಿದ ಮೇಲೂ ನರಮಂಡಲ ಅತಿಸೂಕ್ಷ್ಮವಾಗಿಯೇ ಉಳಿದು, ಸಣ್ಣ ಒತ್ತಡವನ್ನೂ ನೋವೆಂದೇ ಮಿದುಳಿಗೆ ತಿಳಿಸುತ್ತದೆ. ಇದು ನಟನೆಯೂ ಅಲ್ಲ, ಭ್ರಮೆಯೂ ಅಲ್ಲ. ಇಲ್ಲಿ ಹಾಸಿಗೆ ಹಿಡಿಯುವುದು ತಪ್ಪು. ನೋವು ಕಡಿಮೆಯಿರುವ ದಿನ ಎಲ್ಲ ಕೆಲಸ ಮುಗಿಸಿ ಮರುದಿನ ಮಲಗುವುದೂ ತಪ್ಪೇ. ನೋವು ಹೆಚ್ಚಿದ ದಿನವೂ ನಡೆಯಬಲ್ಲಷ್ಟು, ಹತ್ತು ನಿಮಿಷವೆಂದಿಟ್ಟುಕೊಳ್ಳಿ, ದಿನವೂ ನಡೆದು, ವಾರಕ್ಕೆ ಒಂದೆರಡು ನಿಮಿಷ ಏರಿಸುತ್ತ ಹೋಗಬೇಕು. ನರದ ನೋವಿಗೆ ವೈದ್ಯರು ಅಮಿಟ್ರಿಪ್ಟಿಲಿನ್ ಬರೆದರೆ, ಅದು ಖಿನ್ನತೆಯ ಔಷಧಿಯೆಂದು ಯಾರೋ ಹೇಳಿದ್ದನ್ನು ಕೇಳಿ ಎಸೆಯಬೇಡಿ: ಕಡಿಮೆ ಪ್ರಮಾಣದಲ್ಲಿ ಅದು ನರದ ನೋವನ್ನೂ ತಗ್ಗಿಸುತ್ತದೆ.

ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಬಲ ಕುಂದಿದರೆ ಅಥವಾ ಎದೆನೋವು ತೋಳಿಗೆ ಹರಡಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೆಇಎಂ, ಸಯನ್‌ನಂತಹ ಪಾಲಿಕೆಯ ಆಸ್ಪತ್ರೆಗಳ ಓಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಮರಾಠಿಯಲ್ಲಿ ಬರೀ 'ದುಖ್ತಂಯ್', ಅಂದರೆ ನೋಯುತ್ತಿದೆ, ಎಂದರೆ ಸಾಲದು. ಉರಿಯಾದರೆ 'ಜಳಜಳ್', ಜೋಮಾದರೆ 'ಮುಂಗ್ಯಾ ಯೇತಾತ್', ಚಳಕಾದರೆ 'ಚಮಕ್' ಎನ್ನಿ. ಮೊದಲೆರಡನ್ನು ಕೇಳಿದೊಡನೆ ವೈದ್ಯರ ಗಮನ ಸ್ನಾಯುವಿನಿಂದ ನರದ ಕಡೆಗೆ ಹೊರಳುತ್ತದೆ.